15ನೇ ವಯಸ್ಸಿಗೆ ಬಾಸ್ಕೆಟ್‌ಬಾಲ್ ಶುರು ಮಾಡಿದರೆ ತಡ ಆಯ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಮಗನಿಗೆ 15 ತುಂಬಿದೆ, ಈಗಲೇ ಬಾಗಿಲ ದಾರಂದಕ್ಕೆ ತಲೆ ತಾಗುವಷ್ಟು ಉದ್ದ ಇದ್ದಾನೆ. ಇಷ್ಟು ದಿನ ವಾಲಿಬಾಲ್, ಕಬಡ್ಡಿ ಅಂತ ಓಡಾಡಿಕೊಂಡಿದ್ದ. ಈ ವರ್ಷ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿದಿದೆ. ಆರೇಳು ವರ್ಷಕ್ಕೇ ಶುರು ಮಾಡಿದ ಬೆಂಗಳೂರಿನ ಹುಡುಗರ ಮುಂದೆ ಇವನು ನಿಲ್ಲುತ್ತಾನಾ? ತಡ ಆಯ್ತು ಅಲ್ವಾ?

ಉತ್ತರ: ಮೊದಲು ಒಂದು ಮಾತು. ನಮ್ಮ ಕಡೆಯ ಹಳೇ ಮನೆಗಳ ದಾರಂದಕ್ಕೆ ನನ್ನ ತಲೆಯೂ ತಾಗುತ್ತದೆ, ನಾನೇನು ಅಂಥಾ ಉದ್ದ ಅಲ್ಲ. ಹುಡುಗನನ್ನು ಗೋಡೆಗೆ ನಿಲ್ಲಿಸಿ, ಟೇಪ್ ಹಿಡಿದು ಅಳೆಯಿರಿ. ಆಮೇಲೆ ಖುಷಿಪಡಿ.

ತಡ ಆಯ್ತಾ ಅಂದರೆ, ಇಲ್ಲ. ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಒಬ್ಬನದೇ ಕಥೆ ಹೇಳುತ್ತೇನೆ: ಹಕೀಮ್ ಒಲಾಜುವಾನ್. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಬ್ಲಾಕ್‌ಗಳ, ಅಂದರೆ ಎದುರಾಳಿ ಬುಟ್ಟಿಗೆ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆಯೋದರ, ಲೆಕ್ಕ ಇಡಲು ಶುರುವಾದ ಮೇಲೆ ಅವನಷ್ಟು ಬ್ಲಾಕ್ ಮಾಡಿದವರು ಇನ್ನೊಬ್ಬರಿಲ್ಲ, ಒಟ್ಟು 3,830. ಅವನು ಬಾಸ್ಕೆಟ್‌ಬಾಲ್ ಆಡಲು ಶುರು ಮಾಡಿದ್ದು 15ನೇ ವಯಸ್ಸಿಗೆ.

1963ರಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ಹುಟ್ಟಿದ. ಅಪ್ಪ ಅಮ್ಮ ಸಿಮೆಂಟ್ ವ್ಯಾಪಾರ ಮಾಡುತ್ತಿದ್ದರು. ಹುಡುಗ ಆಡುತ್ತಿದ್ದದ್ದು ಫುಟ್‌ಬಾಲ್ ಮತ್ತು ಹ್ಯಾಂಡ್‌ಬಾಲ್, ಅದರಲ್ಲೂ ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್. ಬಾಸ್ಕೆಟ್‌ಬಾಲ್‌ಗೆ ಹೊಸದಾಗಿ ಬಂದಾಗಿನ ಒಂದು ತಮಾಷೆ ಕಥೆ ಇದೆ. ಡಂಕ್ ಮಾಡೋದು ಹೇಗೆ ಅಂತ ತೋರಿಸಲು ಕೋಚ್ ಒಂದು ಕುರ್ಚಿ ಹಾಕಿಕೊಂಡು, ಅದರ ಮೇಲೆ ಹತ್ತಿ ಚೆಂಡನ್ನು ರಿಂಗಿಗೆ ತುರುಕಿ, ಈಗ ನೀನು ಮಾಡು ಅಂದರಂತೆ. ಹಕೀಮ್ ಕೂಡ ನೆಟ್ಟಗೆ ಹೋಗಿ ಕುರ್ಚಿ ಹತ್ತಿ ನಿಂತನಂತೆ! ಡಂಕ್ ಅಂದರೆ ನೆಲದಿಂದ ನೆಗೆದು ಮಾಡಬೇಕಾದ್ದು ಅನ್ನೋದೇ ಗೊತ್ತಿಲ್ಲ ಪಾಪ. ಕುರ್ಚಿ ಬೇಡ ಅಂತ ಇಳಿಸಿದ ಮೇಲೆ, ಆ ಎತ್ತರದ ಹುಡುಗನಿಗೆ ಮೊದಮೊದಲು ಡಂಕ್ ಬರಲೇ ಇಲ್ಲ.

ನಿಮ್ಮ ಮಗ ಮೊನ್ನೆ ಲೇ-ಅಪ್ (ಬುಟ್ಟಿಯ ಹತ್ತಿರಕ್ಕೆ ಓಡಿ ಹೋಗಿ ಚೆಂಡು ಹಾಕೋದು) ತಪ್ಪಿದ್ದಕ್ಕೆ ಮುಖ ಊದಿಸಿಕೊಂಡು ಕೂತಿದ್ದರೆ ಇದನ್ನು ಹೇಳಿ.

ಈಗ ಮುಖ್ಯ ವಿಷಯ. 15 ವರ್ಷದವರೆಗೆ ಅವನು ಸುಮ್ನೆ ಕೂತಿರಲಿಲ್ಲ. ಗೋಲ್‌ಕೀಪರ್ ಏನು ಕಲಿಯುತ್ತಾನೆ? ಎದುರಿನವನ ಸೊಂಟ, ಕಾಲು ನೋಡಿ ಚೆಂಡು ಎಲ್ಲಿಗೆ ಬರುತ್ತದೆ ಅಂತ ಅಂದಾಜು ಮಾಡೋದು, ಸರಿಯಾದ ಗಳಿಗೆಯಲ್ಲಿ ಕೈ ಚಾಚೋದು. ಆ 3,830 ಬ್ಲಾಕ್‌ಗಳ ಬೇರು ಇರೋದು ಅಲ್ಲಿ. ಫುಟ್‌ಬಾಲ್ ಅವನ ಕಾಲಿಗೂ ಒಂದು ಚುರುಕು ಕೊಟ್ಟಿತ್ತು. ಮುಂದೆ 'ಡ್ರೀಮ್ ಶೇಕ್' ಅಂತ ಹೆಸರಾದ ಅವನ ಪಟ್ಟನ್ನು ವಿಡಿಯೋದಲ್ಲಿ ನೋಡಿ, ನಮ್ಮವರಿಗೆ ತಕ್ಷಣ ಗೊತ್ತಾಗುತ್ತದೆ, ಅದು ಅಪ್ಪಟ ಕಬಡ್ಡಿ ರೈಡರ್‌ನ ಕೆಲಸ. ಬುಟ್ಟಿಗೆ ಬೆನ್ನು ಹಾಕಿ ನಿಂತಿರುತ್ತಾನೆ. ಭುಜ ಬಲಕ್ಕೆ ವಾಲುತ್ತದೆ, ಹಿಂದೆ ಇರುವವನು ನಂಬಿ ಆ ಕಡೆ ತೂಕ ಹಾಕುತ್ತಾನೆ, ಅಷ್ಟರಲ್ಲಿ ಇವನು ಒಂದು ಕಾಲಿನ ಮೇಲೆ ಎಡಕ್ಕೆ ತಿರುಗಿ ಆಗಿರುತ್ತದೆ. ಬೋನಸ್ ಗೆರೆ ಹತ್ತಿರ ಕಾಲು ಚಾಚಿದ ಹಾಗೆ ಮಾಡಿ ಕಾರ್ನರ್‌ನವನನ್ನು ಮುಟ್ಟಿ ಬರುವುದಿಲ್ಲವೇ, ಥೇಟ್ ಅದೇ.

ಹಾಗಾಗಿ ಮಗ ಕಬಡ್ಡಿ ಆಡಿ ಕಳೆದ ವರ್ಷಗಳನ್ನು ದಂಡ ಅಂತ ಲೆಕ್ಕ ಹಾಕಬೇಡಿ. ವಾಲಿಬಾಲ್‌ನಲ್ಲಿ ಬ್ಲಾಕಿಗೆ ನೆಗೆದದ್ದೂ ಜಮೆ ಆಗಿದೆ.

1980ರಲ್ಲಿ ಹಕೀಮ್ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದ. ದೊಡ್ಡ ಸ್ಟಾರ್ ಬರ್ತಿದ್ದಾನೆ ಅಂತ ಹಾರ ಹಿಡಿದು ಯಾರೂ ಕಾಯುತ್ತಿರಲಿಲ್ಲ. ವಿಮಾನ ನಿಲ್ದಾಣದಿಂದ ಫೋನ್ ಮಾಡಿದರೆ ಟ್ಯಾಕ್ಸಿ ಹಿಡಿದು ಬಾ ಅಂದರು, ಅಷ್ಟೇ. ಮೊದಲ ವರ್ಷ ಪಂದ್ಯ ಆಡಲು ಅನುಮತಿಯೂ ಸಿಗಲಿಲ್ಲ. ಎರಡನೇ ವರ್ಷ ಆಡಿಸಿದರು, ಪಂದ್ಯಕ್ಕೆ ಸುಮಾರು 18 ನಿಮಿಷ, ಸರಾಸರಿ 8.3 ಅಂಕ. ಇದನ್ನು ನೋಡಿ ಇವನು ಜಗತ್ತನ್ನೇ ಗೆಲ್ಲುತ್ತಾನೆ ಅಂತ ಯಾರೂ ಹೇಳುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅವನು ಕೋಚ್‌ಗಳ ಹತ್ತಿರ ಹೋಗಿ, ನನಗೆ ಜಾಸ್ತಿ ಹೊತ್ತು ಆಡಬೇಕು, ಏನು ಮಾಡಲಿ ಅಂತ ಕೇಳಿದ. ಮೋಸೆಸ್ ಮಲೋನ್ ಜೊತೆ ಆಡು ಅಂದರು. ನನ್ನ ಪ್ರಕಾರ ಇಡೀ ಕಥೆಯಲ್ಲಿ ತೂಕದ ಜಾಗ ಇದೇ. ಮಲೋನ್ ಆಗ ಎನ್‌ಬಿಎಯ ಹ್ಯೂಸ್ಟನ್ ರಾಕೆಟ್ಸ್ ತಂಡದ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ, 1979 ಮತ್ತು 1982ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದವನು, ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು) ಅಂದರೆ ಹಲಸಿನ ಹಣ್ಣಿಗೆ ಮುತ್ತಿದ ನೊಣದ ಹಾಗೆ ಬಿಡದೆ ಹೋಗುವವನು. ಅಂಥವನು ಬೇಸಿಗೆ ರಜೆಯಲ್ಲಿ ಊರಿನ ಫಾಂಡಿ ರಿಕ್ರಿಯೇಶನ್ ಸೆಂಟರ್ ಅನ್ನೋ ಸಾರ್ವಜನಿಕ ಜಿಮ್‌ಗೆ ಬಂದು ಆಡುತ್ತಿದ್ದ. ಹಕೀಮ್ ಅಲ್ಲಿಗೆ ಹೋದ, ತಳ್ಳಿಸಿಕೊಂಡ, ಮೊಣಕೈ ಏಟು ತಿಂದ, ಮಾರನೇ ದಿನ ಮತ್ತೆ ಹೋದ. ಮಲೋನ್ ಪಾಠ ಹೇಳಿದ್ದಕ್ಕಿಂತ ಎದುರಿಗೆ ನಿಂತು ಆಡಿದ್ದೇ ದೊಡ್ಡ ಪಾಠ. ಮುಂದಿನ ವರ್ಷ ಕಾಲೇಜಿಗೆ ಬಂದವನು ಬೇರೆಯೇ ಆಟಗಾರ.

ಆಮೇಲಿನದ್ದು ಬೇಗ ಹೇಳುತ್ತೇನೆ. 1983ರ ಕಾಲೇಜು ಫೈನಲ್ ಕೊನೇ ಗಳಿಗೆಯಲ್ಲಿ 54-52ರಿಂದ ಸೋತರು, ಆದರೂ ಟೂರ್ನಿಯ ಶ್ರೇಷ್ಠ ಆಟಗಾರ ಹಕೀಮನೇ. 1984ರ ಫೈನಲ್ಲೂ ಸೋತರು. ಅದೇ ವರ್ಷ ಎನ್‌ಬಿಎ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ರಾಕೆಟ್ಸ್ ಅವನನ್ನು ಮೊದಲನೆಯವನಾಗಿ ಆರಿಸಿತು. ಮೈಕಲ್ ಜೋರ್ಡನ್ ಮೂರನೆಯವನು. 1994 ಮತ್ತು 1995ರಲ್ಲಿ ಎರಡು ಸಲ ಚಾಂಪಿಯನ್. 1995ರಲ್ಲಿ ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದಿದ್ದ ಡೇವಿಡ್ ರಾಬಿನ್‌ಸನ್ ಎದುರೇ, ಆರು ಪಂದ್ಯಗಳ ಸರಣಿಯಲ್ಲಿ ಸರಾಸರಿ 35.3 ಅಂಕ ಹೊಡೆದ. 2011ರಲ್ಲಿ ಎನ್‌ಬಿಎ ಫೈನಲ್ ಸೋತ ಸ್ಟಾರ್ ಆಟಗಾರ ಲೆಬ್ರಾನ್ ಜೇಮ್ಸ್ ಕಾಲಿನ ಚಲನೆ ಕಲಿಯಲು ಹೋದದ್ದೂ ಕುರ್ಚಿ ಹತ್ತಿದ್ದ ಇದೇ ಮನುಷ್ಯನ ಹತ್ತಿರ.

ಇನ್ನು ಎತ್ತರದ ವಿಷಯ. ಉದ್ದ ಇದ್ದರೆ ಸಾಕು, ಉಳಿದದ್ದು ತಾನಾಗೇ ಆಗುತ್ತದೆ ಅನ್ನೋರಿಗೆ ನಮ್ಮ ದೇಶದ್ದೇ ಉದಾಹರಣೆ ಸತ್ನಾಮ್ ಸಿಂಗ್. ಪಂಜಾಬಿನ ಬಲ್ಲೋ ಕೆ ಹಳ್ಳಿಯ ರೈತನ ಮಗ, 7 ಅಡಿ 2 ಇಂಚು. ಚಿಕ್ಕಂದಿನಲ್ಲೇ ಲೂಧಿಯಾನದ ಅಕಾಡೆಮಿ ಸೇರಿದ, 2010ರಲ್ಲಿ ಫ್ಲೋರಿಡಾದ ಐಎಂಜಿ ಅಕಾಡೆಮಿಗೆ ಹೋದ, 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ ತಂಡ 52ನೆಯವನಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವನೊಬ್ಬ ಎನ್‌ಬಿಎ ಡ್ರಾಫ್ಟ್ ಆದದ್ದು ಅದೇ ಮೊದಲು. ಆದರೂ ಒಂದೇ ಒಂದು ಎನ್‌ಬಿಎ ಪಂದ್ಯ ಆಡಲಿಲ್ಲ. ಬೇಗ ಶುರು ಮಾಡಿದ್ದ, ಎತ್ತರವೂ ಇತ್ತು, ತರಬೇತಿಯೂ ಸಿಕ್ಕಿತ್ತು. ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ವಯಸ್ಸು, ಎತ್ತರ ಎರಡೇ ಲೆಕ್ಕ ಅಲ್ಲ ಅಂತ ಅಷ್ಟೇ.

ನಿಮ್ಮ ಹುಡುಗನಿಗೆ ನಿಜವಾದ ತೊಂದರೆ ವಯಸ್ಸಲ್ಲ, ಮಳೆ. ನಾನು ಶಿವಮೊಗ್ಗದಲ್ಲಿ ಓದುವಾಗ ಜೂನ್ ಬಂತೆಂದರೆ ಸಿಮೆಂಟ್ ಕೋರ್ಟಿನ ಮೇಲೆ ಹಸಿರು ಪಾಚಿ. ಬ್ಲೀಚಿಂಗ್ ಪೌಡರ್ ಎರಚಿ, ತೆಂಗಿನ ಕಡ್ಡಿ ಪೊರಕೆಯಲ್ಲಿ ಫ್ರೀ ಥ್ರೋ ಗೆರೆವರೆಗೆ ಉಜ್ಜಿಕೊಂಡು ಬರುವಷ್ಟರಲ್ಲಿ ಇನ್ನೊಂದು ಮಳೆ ಹೊಡೆದು ಹೋಗುತ್ತಿತ್ತು. ಒಬ್ಬ ಗೆಳೆಯ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ, ಆಮೇಲೆ ಕೇರಂ ಬೋರ್ಡಿಗೆ ಹೋದವನು ತಿರುಗಿ ಬರಲಿಲ್ಲ. ತೀರ್ಥಹಳ್ಳಿ ಕಡೆ ಮಳೆ ಇನ್ನೂ ಜೋರು. ಮಳೆ ನಿಂತು ಅಂಗಳ ಒಣಗಿತು ಅನ್ನುವಾಗ ಅಡಿಕೆ ಕೊಯ್ಲು ಶುರು, ಅಂಗಳ ಅಡಿಕೆಗೆ.

ಹಾಗಾಗಿ ಮಳೆಗಾಲದಲ್ಲಿ ಜಗುಲಿ ಮೇಲೆ ಎಡಗೈ ಡ್ರಿಬಲ್ ಮಾಡಲಿ, ಅಜ್ಜಿ ಬೈದರೂ ಪರವಾಗಿಲ್ಲ. ಗಂಡುಮಕ್ಕಳಿಗೆ 7ನೇ ಸೈಜಿನ ಚೆಂಡು, ರಬ್ಬರಿನದ್ದೇ ಸಾಕು, ಚರ್ಮದ್ದು ನೀರು ಕುಡಿದು ಕುಂಬಳಕಾಯಿ ಆಗುತ್ತದೆ. ಕಬಡ್ಡಿ ಬಿಡಿಸಬೇಡಿ. ರಜೆ ಬಂದಾಗ ಮಾತ್ರ ಬಸ್ ಹತ್ತಿಸಿ ಶಿವಮೊಗ್ಗಕ್ಕೋ ಬೆಂಗಳೂರಿಗೋ ಕಳಿಸಿ, ತನಗಿಂತ ದೊಡ್ಡವರು, ಚೆನ್ನಾಗಿ ಆಡುವವರು ಇರುವ ಕೋರ್ಟ್ ಹುಡುಕಿಕೊಳ್ಳಲಿ. ಮೊದಲ ವಾರ ಚೆಂಡೇ ಸಿಗದೆ ಬೇಜಾರು ಮಾಡಿಕೊಂಡು ಫೋನ್ ಮಾಡುತ್ತಾನೆ. ಎರಡನೇ ವಾರವೂ ತಾನಾಗೇ ಶೂ ಕಟ್ಟಿಕೊಂಡು ಹೋಗುತ್ತಾನಾ ನೋಡಿ, ಆಮೇಲೆ ನನಗೆ ಬರೆಯಿರಿ.