ಲಸಿಕೆಯ ಚೀಟಿಯಲ್ಲಿರುವ ಜೀವಕೋಶ ಯಾರದು?

ಹಾಸನದ ಹಳ್ಳಿಗಳಲ್ಲಿ ಬೆದೆಗೆ ಬಂದ ಹಸುವಿಗೆ ‘ಇಂಜೆಕ್ಷನ್’ ಕೊಡಿಸಿದವರೆಲ್ಲ ದ್ರವ ಸಾರಜನಕದ ಜಾಡಿ ನೋಡಿರುತ್ತಾರೆ. ಒಳಗೆ ಮೈನಸ್ 196 ಡಿಗ್ರಿ. ಅಲ್ಲಿಂದ ವೀರ್ಯದ ನಳಿಕೆ ಎತ್ತಿ 37 ಡಿಗ್ರಿಯ ನೀರಿಗೆ ಬಿಟ್ಟರೆ ಅರೆ ನಿಮಿಷದಲ್ಲಿ ಕೆಲಸಕ್ಕೆ ಸಿದ್ಧ. ಮನುಷ್ಯರ ಜೀವಕೋಶಗಳನ್ನೂ ಪ್ರಯೋಗಾಲಯಗಳು ಇಡುವುದು ಇಂಥದೇ ಜಾಡಿಯಲ್ಲಿ.

ಕೆಲವು ಲಸಿಕೆಗಳನ್ನು ಕ್ಯಾನ್ಸರ್ ಕೋಶದಿಂದ ಮಾಡುತ್ತಾರೆ ಎಂಬ ಮಾತು ಹರಡಿದೆ. ಆ ಗೊಂದಲ ಹುಟ್ಟಿದ್ದು ಕೋಶಗಳ ಹೆಸರುಗಳಿಂದ. ನಾಯಿ ಕಡಿದಾಗ ಹಾಕುವ ಕೆಲವು ಲಸಿಕೆಗಳ ಡಬ್ಬಿಯ ಮೇಲೆ ‘ವೆರೋ’ ಎಂದಿರುತ್ತದೆ. ಅದು ಆಫ್ರಿಕಾದ ಕೋತಿಯ ಮೂತ್ರಪಿಂಡದ ಕೋಶ. ಕುರಿಯ ಮಿದುಳಿನಿಂದ ಮಾಡಿದ ಲಸಿಕೆಯನ್ನು ಹೊಟ್ಟೆಗೆ 14 ಸಲ ಚುಚ್ಚುತ್ತಿದ್ದ ಕಾಲವನ್ನು ಮುಗಿಸಿದ್ದು ಇಂಥ ಕೋಶಗಳೇ. ಕೋವಿಶೀಲ್ಡ್ ಚೀಟಿಯಲ್ಲಿದ್ದ ‘ಎಚ್‌ಇಕೆ 293’ ಮಾತ್ರ ಮನುಷ್ಯರದು. ಇವೆರಡನ್ನೂ ‘ಕ್ಯಾನ್ಸರ್ ಕೋಶದ ಲಸಿಕೆ’ ಎನ್ನುವವರು ಮೂರನೆಯದೊಂದನ್ನು, ಹೀಲಾವನ್ನು, ತಂದು ಬೆರೆಸುತ್ತಾರೆ.

ಹೀಲಾ 1951ರದು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯಿಂದ ಬಂತು. ಆಕೆ ಅದೇ ವರ್ಷ ತೀರಿಕೊಂಡರು. ಸಾಮಾನ್ಯ ಕೋಶ ಸುಮಾರು 50 ಸಲ ಇಬ್ಭಾಗವಾಗಿ ನಿಂತುಬಿಡುತ್ತದೆ. ಹೀಲಾ ದಿನಕ್ಕೊಮ್ಮೆ ಇಮ್ಮಡಿಯಾಗುತ್ತಲೇ ಇದೆ. ಪೋಲಿಯೊ ಲಸಿಕೆಯ ಪರೀಕ್ಷೆಯಿಂದ ಕ್ಯಾನ್ಸರ್ ಔಷಧಗಳ ತಪಾಸಣೆವರೆಗೆ ಏಳು ದಶಕ ದುಡಿದಿದೆ.

ಸಾಯದ ಕೋಶ ಎಂದರೆ ಕೊಲ್ಲಲಾಗದ ಕೋಶವಲ್ಲ. 37 ಡಿಗ್ರಿ ಶಾಖ, 5% ಇಂಗಾಲದ ಡೈಆಕ್ಸೈಡ್, ಶೇ 10ರಷ್ಟು ಕರುವಿನ ಭ್ರೂಣದ ಸೀರಂ (ರಕ್ತದ ತಿಳಿದ್ರವ) ಬೇಕು. ಮೂರು–ನಾಲ್ಕು ದಿನಕ್ಕೊಮ್ಮೆ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ತಳದಿಂದ ಬಿಡಿಸಿ, ಹಂಚಿ, ಬೇರೆ ಫ್ಲಾಸ್ಕಿಗೆ ಹಾಕಬೇಕು. ಕೋಶ ಬೆಳೆಯುವ ಕೆಂಪು ದ್ರವ ಹಳದಿಗೆ ತಿರುಗಿತೆಂದರೆ ಆಮ್ಲ ಹೆಚ್ಚಿ, ಹೊತ್ತು ಮೀರಿದೆ. ಘನೀಕರಿಸುವಾಗ ಹರಳುಗಟ್ಟುವುದನ್ನು ತಡೆಯುವ ಡಿಎಂಎಸ್‌ಒ ಎಂಬ ದ್ರಾವಕವನ್ನು 10% ಬೆರೆಸಿ ನಿಮಿಷಕ್ಕೆ ಒಂದೇ ಡಿಗ್ರಿ ಇಳಿಸಬೇಕು. ಅವಸರ ಮಾಡಿದರೆ ಒಳಗೇ ಹರಳುಗಟ್ಟಿ ಕೋಶ ಒಡೆಯುತ್ತದೆ. ಕರಗಿಸುವಾಗ ಮಾತ್ರ ಅವಸರವೇ ಸರಿ, ಬೆಚ್ಚಗಾದ ಡಿಎಂಎಸ್‌ಒ ವಿಷ.

ದೊಡ್ಡ ಪಿಡುಗು ಮೈಕೊಪ್ಲಾಸ್ಮಾ ಎಂಬ ಅತಿಸಣ್ಣ ಬ್ಯಾಕ್ಟೀರಿಯಾ. ದ್ರವ ಕದಡುವುದಿಲ್ಲ, ಕೋಶಭಿತ್ತಿಯೇ ಇಲ್ಲದ್ದರಿಂದ ಪೆನಿಸಿಲಿನ್ ತಾಗುವುದಿಲ್ಲ, ಫಲಿತಾಂಶ ಮಾತ್ರ ಸದ್ದಿಲ್ಲದೆ ಕೆಡುತ್ತದೆ. ಅದಕ್ಕಿಂತ ಮುಜುಗರದ್ದು ಹೀಲಾ ತಾನೇ ಕಳೆಯಾದದ್ದು. 1966ರಲ್ಲಿ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್, ಬೇರೆ ಬೇರೆ ಜನರದೆಂದು ನಂಬಿದ್ದ 18 ಕೋಶತಳಿಗಳಲ್ಲಿ ಒಂದೇ ಕಿಣ್ವದ ಗುರುತು ಕಂಡು, ಅವು ಹೀಲಾ ಎಂದು ತೋರಿಸಿದರು. ಒಂದೇ ಪಿಪೆಟ್ ಎರಡು ಬಾಟಲಿಗೆ ಇಳಿದರೆ ಸಾಕು, ಬೇಗ ಬೆಳೆಯುವುದು ನಿಧಾನದ್ದನ್ನು ನುಂಗುತ್ತದೆ. ಡಿಎನ್‌ಎ ಗುರುತು ತಾಳೆ ನೋಡುವ ಪರೀಕ್ಷೆ ಅಗ್ಗವಾದ ಮೇಲೂ ಅದನ್ನು ಮಾಡಿಸದೆ ಪ್ರಬಂಧ ಬರೆಯುವುದು ನಿಂತಿಲ್ಲ.

ಕೋಶ ತೆಗೆಯುವಾಗ ಲ್ಯಾಕ್ಸ್ ಅವರ ಅನುಮತಿಯನ್ನು ಯಾರೂ ಕೇಳಿರಲಿಲ್ಲ. ಅಂದಿನ ರೂಢಿಯೇ ಹಾಗಿತ್ತು ಎನ್ನುತ್ತಾರೆ. ಆದರೆ 2013ರಲ್ಲಿ ಹೀಲಾದ ಪೂರ್ತಿ ಜೀನೋಮ್ ಪ್ರಕಟಿಸುವಾಗಲೂ ಕುಟುಂಬವನ್ನು ಕೇಳಿರಲಿಲ್ಲ. ಆಮೇಲೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೊಡನೆ ಒಪ್ಪಂದವಾಯಿತು.

ಇನ್ನು ಎಚ್‌ಇಕೆ 293. ಅದು 1973ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಭ್ರೂಣವೊಂದರ ಮೂತ್ರಪಿಂಡದ ಕೋಶಕ್ಕೆ ಅಡೆನೊವೈರಸ್‌ನ ಡಿಎನ್‌ಎ ಸೇರಿಸಿ ಪಡೆದದ್ದು. ಕೋವಿಶೀಲ್ಡ್‌ಗೆ ಅದೇ ಬೇಕಾದದ್ದು ಇದಕ್ಕೇ: ಲಸಿಕೆಯ ವೈರಸ್ಸೂ ಒಂದು ಅಡೆನೊವೈರಸ್, ಸಂತತಿ ಬೆಳೆಸಲು ಬೇಕಾದ ‘ಇ1’ ವಂಶವಾಹಿಯನ್ನು ಅದರಿಂದ ಕಿತ್ತಿದ್ದರು, ಎಚ್‌ಇಕೆ ಕೋಶ ತನ್ನೊಳಗೆ ಸೇರಿಸಿದ ಡಿಎನ್‌ಎಯಿಂದ ಆ ಕೊರತೆ ತುಂಬುತ್ತಿತ್ತು. ಅಲ್ಲಿ ಬೆಳೆದ ವೈರಸ್ಸನ್ನು ಬೇರ್ಪಡಿಸಿ, ಶುದ್ಧೀಕರಿಸಿ ತುಂಬುತ್ತಿದ್ದರು. ನಮ್ಮ ತೋಳಿನಲ್ಲಿ ಇ1 ಸಿಗದೆ ಅದು ಸಂತತಿ ಬೆಳೆಸಲಾರದು.