ಮುತ್ಯಾನ ರಕ್ತ ಕಡಿಮೆಯಾಗಿದ್ದು ಬರೀ ವಯಸ್ಸಿನಿಂದಲೇ?

ಆಳಂದ, ಸೇಡಂ, ಜೇವರ್ಗಿ ಕಡೆಯಿಂದ ಹಿರಿಯರನ್ನು ಕಲಬುರಗಿಗೆ ಕರೆತರುವವರು ನನ್ನೆದುರು ಆಡುವ ಮಾತು ಹೆಚ್ಚುಕಡಿಮೆ ಒಂದೇ: ‘ಮುತ್ಯಾನಿಗೆ ವಯಸ್ಸಾಯಿತಲ್ಲ ಸರ್, ರಕ್ತ ಕಡಿಮೆಯಾಗುವುದೇ. ಎರಡು ಬಾಟಲಿ ರಕ್ತ ಹಾಕಿಬಿಡಿ.’ ವಯಸ್ಸಿಗೂ ರಕ್ತಕ್ಕೂ ನಂಟಿರುವುದು ನಿಜ. ಆದರೆ ಅದು ಇಷ್ಟು ಸರಳವಲ್ಲ.

ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಸತ್ತವುಗಳ ಜಾಗ ತುಂಬಲು ದೇಹ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳನ್ನು ಹುಟ್ಟಿಸುತ್ತದೆ. ಇವುಗಳ ಮೂಲ, ಎಲುಬಿನ ಮಜ್ಜೆಯಲ್ಲಿರುವ ಆಕರಕೋಶಗಳು (ಸ್ಟೆಮ್ ಸೆಲ್). ವಯಸ್ಸಾದಂತೆ ಇವುಗಳ ಸಂಖ್ಯೆ ಇಳಿಯುವುದಿಲ್ಲ, ಏರುತ್ತದೆ, ಕುಂದುವುದು ಕಸುವು. ರೋಗಾಣುಗಳ ಗುರುತು ಇಟ್ಟುಕೊಳ್ಳುವ ಲಿಂಫೋಸೈಟ್ ಎಂಬ ಬಿಳಿ ಕಣಗಳು ಕಡಿಮೆ ಹುಟ್ಟುತ್ತವೆ. ಇಳಿವಯಸ್ಸಿನಲ್ಲಿ ಲಸಿಕೆ ಅಷ್ಟಾಗಿ ಫಲ ಕೊಡದಿರುವುದಕ್ಕೆ ಇದೂ ಒಂದು ಕಾರಣ.

ಪ್ರತಿ ಆಕರಕೋಶದ ಡಿಎನ್‌ಎಯಲ್ಲಿ ವರ್ಷಕ್ಕೆ ಸುಮಾರು 17 ಬದಲಾವಣೆಗಳು ಸೇರಿಕೊಳ್ಳುತ್ತವೆ. ಬಹುಪಾಲು ನಿರಪಾಯಕಾರಿ. ಡಿಎನ್‌ಎಂಟಿ3ಎ, ಟೆಟ್2ನಂಥ ಜೀನ್‌ಗಳಲ್ಲಿ ಆದಾಗ ಮಾತ್ರ ಆ ಕೋಶದ ಸಂತತಿ, ನಾನಾ ತಳಿ ಬಿತ್ತಿದ ಹೊಲದಲ್ಲಿ ಒಂದೇ ತಳಿ ಹಬ್ಬಿದಂತೆ, ಉಳಿದವನ್ನು ಹಿಂದಿಕ್ಕಿ ಬೆಳೆಯುತ್ತದೆ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಎಳೆಯ ವಯಸ್ಸಿನಲ್ಲಿ ಸಾವಿರಾರು ಆಕರಕೋಶಗಳು ಹಂಚಿಕೊಂಡು ಮಾಡುವ ಕೆಲಸದಲ್ಲಿ 30ರಿಂದ 60 ಶೇಕಡ ಪಾಲು 75 ದಾಟಿದವರಲ್ಲಿ ಹತ್ತಿಪ್ಪತ್ತು ಸಂತತಿಗಳದ್ದೇ ಆಗಿತ್ತು. ಹೀಗೆ ಕೆಲವೇ ಸಂತತಿ ಹಬ್ಬಿದವರಿಗೆ ರಕ್ತದ ಕ್ಯಾನ್ಸರ್ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು. ಹೃದಯಾಘಾತದ ಅಪಾಯವೂ ಏರುತ್ತದೆ, ಏಕೆಂದರೆ ಈ ಸಂತತಿಯ ಬಿಳಿ ಕಣಗಳು ರಕ್ತನಾಳಗಳಲ್ಲಿ ಉರಿಯೂತ ಹೆಚ್ಚಿಸುತ್ತವೆ. ಧೂಮಪಾನ ಇದಕ್ಕೆ ಇಂಬು ಕೊಡುತ್ತದೆ. ಬೀಡಿ ಬಿಡಿ ಎಂದು ಎಂಬತ್ತರ ಅಜ್ಜನಿಗೂ ನಾನು ಹೇಳುವುದು ಅದಕ್ಕೇ.

ಹಾಗೆಂದು ರಕ್ತಹೀನತೆಯನ್ನೆಲ್ಲ ಮುಪ್ಪಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಆಳಂದ ಕಡೆಯ ಒಬ್ಬ ರೈತರ ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಮಜ್ಜೆಯೇ ಕೆಟ್ಟಿದೆ ಎಂದು ಮನೆಯವರು ಕೈಚೆಲ್ಲಿದ್ದರು. ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ನೋಡಿದರೆ ಕೆಂಪು ಕಣಗಳು ಅಂಡಾಕಾರಕ್ಕೆ ಉಬ್ಬಿದ್ದವು. ಬಿಳಿ ಕಣಗಳ ಕೇಂದ್ರ ಮೂರು ನಾಲ್ಕು ತುಂಡಾಗುವ ಬದಲು ಆರಾಗಿ ಒಡೆದಿತ್ತು. ವಿಟಮಿನ್ ಬಿ12 ಕೊರತೆ. ಮಾಂಸ, ಮೊಟ್ಟೆ ಮುಟ್ಟದ, ಹಾಲನ್ನೂ ಬಿಟ್ಟಿದ್ದ ಹಿರಿಯರು. ಚುಚ್ಚುಮದ್ದಿನ ನಂತರ ಅವರು ಮತ್ತೆ ತೊಗರಿ ಹೊಲಕ್ಕೆ ನಡೆದುಹೋದರು.

ಕಬ್ಬಿಣದ ಕೊರತೆ ಕಂಡರೆ ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು. ಮೂತ್ರಪಿಂಡದ ಪರೀಕ್ಷೆಯೂ ಬೇಕು. ಇವೆಲ್ಲ ಸರಿಯಿದ್ದೂ ರಕ್ತ ಏರದಿದ್ದರೆ ಸೊಂಟದ ಎಲುಬಿನಿಂದ ಪರೀಕ್ಷೆಗೆ ಮಜ್ಜೆಯ ಮಾದರಿ ತೆಗೆಯುತ್ತೇವೆ. ಇನ್ನು, ಆಕರಕೋಶಕ್ಕೆ ಮರಳಿ ಯೌವನ ಕೊಡುತ್ತೇವೆಂದು ಮಾರುವ ಪುಡಿ, ಕ್ಯಾಪ್ಸೂಲ್‌ಗಳಿಗೆ ಹಣ ಸುರಿಯಬೇಡಿ. ಅಂಥ ಔಷಧ ಸದ್ಯಕ್ಕಿಲ್ಲ.

ರಕ್ತ ಹಾಕುವುದು ಜೀವ ಉಳಿಸುವ ತುರ್ತಾದರೂ, ಮೊದಲ ಬಾಟಲಿ ಏರಿಸುವ ಮುನ್ನ ಪರೀಕ್ಷೆಗೆ ಮಾದರಿ ತೆಗೆಯಲು ಕೇಳಿಕೊಳ್ಳಿ. ಆಮೇಲೆ ತೆಗೆದರೆ ಗಾಜಿನ ಮೇಲೆ ದಾನಿಯ ಕಣಗಳೂ ಬೆರೆತು, ಮುತ್ಯಾನ ಕಾಯಿಲೆ ಗುರುತಿಸುವುದು ಕಷ್ಟವಾಗುತ್ತದೆ.