ಚರಂಡಿ ನೀರಿನ ಮೀನು: ಹಸಿತೂಕವೋ ಒಣತೂಕವೋ?

ಬೆಳಗಾವಿಯ ಕೊಳಚೆಯನ್ನು ಹೊತ್ತು ಹರಿಯುವ ಬಳ್ಳಾರಿ ನಾಲೆಯನ್ನು ನಾವೆಲ್ಲ ನೋಡಿದ್ದೇವೆ. ಇಂಥ ನೀರಿನಲ್ಲಿ ಮೀನು ಸಾಕಬಹುದೇ ಎಂಬ ಪ್ರಶ್ನೆ ತರಗತಿಯಲ್ಲಿ ಬಂದಾಗ ಬಹುತೇಕರು ಆಗದು ಎಂದೆವು. ಆದರೆ ಕೋಲ್ಕತ್ತಾದ ಪೂರ್ವ ಅಂಚಿನಲ್ಲಿ ನಗರದ ಕೊಳಚೆ ನೀರನ್ನೇ ಆಳವಿಲ್ಲದ ಕೆರೆಗಳಿಗೆ ಹರಿಸಿ ಮೀನು ಬೆಳೆಸುತ್ತಾರೆ. ಅಲ್ಲಿಯವರು ಆ ಕೆರೆಗಳನ್ನು ‘ಭೇರಿ’ ಎನ್ನುತ್ತಾರೆ. ಸುಮಾರು 12,500 ಹೆಕ್ಟೇರ್‌ನ ಆ ಜೌಗು ಪ್ರದೇಶ 2002ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಕೊಳಚೆಯ ಸಾರಜನಕ ಮತ್ತು ರಂಜಕದಿಂದ ಪಾಚಿ ಬೆಳೆಯುತ್ತದೆ, ಪಾಚಿಯಿಂದ ಸೂಕ್ಷ್ಮಜೀವಿಗಳು, ಅವುಗಳಿಂದ ಮೀನು. ಬಿಸಿಲು ಮತ್ತು ಪಾಚಿ ಸೇರಿ ರೋಗಾಣುಗಳನ್ನೂ ತಗ್ಗಿಸುತ್ತವೆ.

ಆದರೂ ಮೊದಲು ಕೇಳಬೇಕಾದದ್ದು ಅದು ಯಾವ ಕೊಳಚೆ ಎಂದು. ಮನೆಗಳ ಬಚ್ಚಲು, ಶೌಚಾಲಯದ ನೀರಿನಲ್ಲಿ ರೋಗಾಣುಗಳ ಭಯವೇ ದೊಡ್ಡದು. ಕಾರ್ಖಾನೆಯ ನೀರು ಬೆರೆತರೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಬರಬಹುದು. ಎರಕದ ಕಾರ್ಖಾನೆಗಳಿರುವ ನಮ್ಮ ಊರಿನಲ್ಲಿ ಇದನ್ನು ಕೇಳದೆ ಮುಂದೆ ಹೋಗುವಂತಿಲ್ಲ.

ಮೀನಿಗೆ ಸತು, ತಾಮ್ರ, ಕಬ್ಬಿಣ ಬೇಕು. ನೀರಿನಲ್ಲಿ ಅವು ತುಸು ಹೆಚ್ಚಾದರೂ ದೇಹ ತಕ್ಕಮಟ್ಟಿಗೆ ಹಿಡಿತದಲ್ಲಿಟ್ಟುಕೊಳ್ಳುತ್ತದೆ. ಸೀಸ, ಕ್ಯಾಡ್ಮಿಯಂ, ಪಾದರಸಗಳಿಂದ ಮೀನಿಗೆ ಯಾವ ಉಪಯೋಗವೂ ಇಲ್ಲ, ಆದರೂ ಒಳಗೆ ಸೇರಿಕೊಳ್ಳುತ್ತವೆ. ಸೇರುವ ಜಾಗ ಒಂದೇ ಅಲ್ಲ: ಕ್ಯಾಡ್ಮಿಯಂ ಮೂತ್ರಪಿಂಡ ಮತ್ತು ಪಿತ್ತಜನಕಾಂಗದಲ್ಲಿ, ಸೀಸ ಹೆಚ್ಚಾಗಿ ಮೂಳೆ ಮತ್ತು ಕಿವಿರಿನಲ್ಲಿ ನಿಲ್ಲುತ್ತವೆ. ಪಾದರಸದ ಸಾವಯವ ರೂಪವಾದ ಮೀಥೈಲ್ ಪಾದರಸ ಮಾತ್ರ ನಾವು ತಿನ್ನುವ ಮಾಂಸದ ಪ್ರೋಟೀನಿಗೇ ಅಂಟಿಕೊಳ್ಳುತ್ತದೆ, ಒಳಭಾಗಗಳನ್ನು ತೆಗೆದು ತೊಳೆದರೂ ಹೋಗುವುದಿಲ್ಲ. ಮೀನಿನ ಜಾತಿಯನ್ನೂ ಗಮನಿಸಬೇಕು. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ಮೃಗಾಲ್ ತಳದ ಕೆಸರಿನಲ್ಲಿ. ಲೋಹ ಕುಳಿತುಕೊಳ್ಳುವುದು ಆ ಕೆಸರಿನಲ್ಲೇ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಗಡಸು ನೀರಿನಿಂದ ಒಂದು ಸಣ್ಣ ಲಾಭವಿದೆ: ಅದರ ಕ್ಯಾಲ್ಸಿಯಂ ಕಿವಿರಿನಲ್ಲಿ ಲೋಹಕ್ಕೆ ಪೈಪೋಟಿ ಕೊಟ್ಟು ಒಳಹೋಗುವುದನ್ನು ಕಡಿಮೆ ಮಾಡುತ್ತದೆ. ಕೆಸರಿನ ಜೊತೆ ಹೊಟ್ಟೆಗೆ ಹೋಗುವ ಲೋಹಕ್ಕೆ ಅದು ತಡೆಯಲ್ಲ.

ಈಗ ನಾನು ತಪ್ಪಿದ ಜಾಗ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಂತೆ ಮೀನಿನಲ್ಲಿ ಸೀಸದ ಮಿತಿ ಕಿಲೋಗೆ 0.3 ಮಿಲಿಗ್ರಾಂ. ಮೀನಿನ ಲೋಹಗಳ ಒಂದು ಪಟ್ಟಿಯಲ್ಲಿ ಸೀಸ 1.2 ಎಂದಿದೆ ಎನ್ನೋಣ. ಇಂಥ ಅಂಕಿ ಕಂಡೊಡನೆ ನಾನು ‘ಮಿತಿಗಿಂತ ನಾಲ್ಕು ಪಟ್ಟು’ ಎಂದು ಬರೆದುಬಿಡುತ್ತಿದ್ದೆ. ಆದರೆ ಅದು ಒಣತೂಕದ (ನೀರೆಲ್ಲ ಆರಿಸಿದ ಮಾಂಸದ) ಲೆಕ್ಕವಾಗಿರಬಹುದು, ಮಿತಿ ಹೇಳುವುದು ಹಸಿತೂಕಕ್ಕೆ (ನೀರು ಸೇರಿದ ಹಸಿ ಮಾಂಸಕ್ಕೆ). ಮೀನಿನ ಮಾಂಸದಲ್ಲಿ ಸುಮಾರು ನೂರಕ್ಕೆ 75ರಿಂದ 80ರಷ್ಟು ನೀರೇ ಇರುತ್ತದೆ. 80 ಭಾಗ ನೀರೆಂದರೆ ಒಣ ಭಾಗ ಐದನೇ ಒಂದು ಪಾಲು: 1.2 × 0.2 = 0.24. ಮಿತಿಯ ಒಳಗೇ ಇದೆ. ಸತು, ಕಬ್ಬಿಣದ ಪಟ್ಟಿಗಳಲ್ಲೂ ಇದೇ ಎಡವಟ್ಟು. ಒಣತೂಕದ ಅಂಕಿಯನ್ನು ಹಾಗೇ ಎತ್ತಿಕೊಂಡರೆ ಮೀನು ಇರುವುದಕ್ಕಿಂತ ನಾಲ್ಕೈದು ಪಟ್ಟು ಪೌಷ್ಟಿಕವಾಗಿ ಕಾಣುತ್ತದೆ. ಹುರಿದ ಮೀನಿನಲ್ಲಿ ನೀರು ಆರಿರುವುದರಿಂದ ಗ್ರಾಂ ಲೆಕ್ಕದಲ್ಲಿ ಲೋಹ ಹಸಿ ಮೀನಿಗಿಂತ ಹೆಚ್ಚೇ ಬರುತ್ತದೆ.

ಚೆನ್ನಾಗಿ ಬೇಯಿಸಿದರೆ ರೋಗಾಣುಗಳೂ ಹುಳುಗಳ ಮರಿಗಳೂ ಸಾಯುತ್ತವೆ, ಲೋಹ ಕದಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯಲ್ಲಿ ಕೆರೆಯ 100 ಮಿಲಿಲೀಟರ್ ನೀರಿಗೆ ಇ. ಕೋಲಿ (ಮಲದ ಕಲ್ಮಶವನ್ನು ಸೂಚಿಸುವ ಬ್ಯಾಕ್ಟೀರಿಯಾ) ಮಿತಿ, ಮೀನು ತಿನ್ನುವವರ ದೃಷ್ಟಿಯಿಂದ 10,000. ಕೆರೆಗೆ ಇಳಿದು ದುಡಿಯುವವರಿಗೂ ಸುತ್ತಲಿನ ಜನರಿಗೂ 1,000. ತಿನ್ನುವವನಿಗೆ ಬೇಯಿಸುವ ಬೆಂಕಿಯ ಕಾವಲಿದೆ, ಬಲೆ ಎಳೆಯುವವನ ಕೈಕಾಲು ದಿನವೂ ಆ ನೀರಿನಲ್ಲೇ ಇರುತ್ತದೆ. ಸುರಕ್ಷತೆಯ ಉತ್ತರ ಬರೆಯುವಾಗ ಅವನನ್ನು ಬಿಡಬೇಡಿ.

ಪ್ರಯೋಗಕ್ಕೆ ಮೀನು ತಂದಾಗ ಮಾಂಸವನ್ನು ಮೊದಲು ಹಸಿಯಾಗಿ ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. ಚೀಟಿಯ ಮೇಲೆ ಎರಡೂ ತೂಕ, ಮೀನಿನ ಜಾತಿ, ಕತ್ತರಿಸಿದ ಭಾಗ, ತಂದ ಕೆರೆ ಇವಿಷ್ಟನ್ನೂ ಅಂದೇ ಬರೆದಿಡಿ.